ಬರೀ ಹಾಲಿನ ವಾಸನೆ

ಬ್ಯಾಗಕ್ಕನ ಮೂಗಿನ ಮೇಲೆ ಆ ಬೀದಿಯಲ್ಲಿ ಕತೆಗಳೇ ಹುಟ್ಟಿದ್ದವು. ಗಿರಾಕಿ ಇನ್ನೂ ಬಾಗಿಲಲ್ಲಿರುವಾಗಲೇ ಚೀಲದೊಳಗೆ ಕೊಳೆತದ್ದು ಬಾಳೆಹಣ್ಣೋ ಸೇಬೋ ಹೇಳಿಬಿಡುತ್ತಾಳೆ ಎಂದು ಪಕ್ಕದ ಬೀಗದಂಗಡಿಯವನು ಬಂದವರಿಗೆಲ್ಲ ಸಾರುತ್ತಿದ್ದ. ಅದರಲ್ಲಿ ಅರ್ಧ ಸುಳ್ಳು, ಇನ್ನರ್ಧ ಅವಳೇ ಅವನ ಕಿವಿಗೆ ಹಾಕಿದ್ದು. ಹೊಗಳಿದರೆ ಅವಳಿಗೆ ಹೊಟ್ಟೆ ತುಂಬುತ್ತಿತ್ತು. ಇದ್ದದ್ದನ್ನು ಇದ್ದ ಹಾಗೆ ಹೇಳಬೇಕಲ್ಲ. ಕೆಟ್ಟ ಹೆಂಗಸೇನಲ್ಲ. ಒಬ್ಬೊಬ್ಬರಿಗೆ ಒಂದೊಂದು ಚಪಲ, ಅವಳಿಗೆ ಇದು.

ಅಂಗಡಿ ಎಂದರೆ ನಾಲ್ಕು ಮಹಡಿಯ ಹಳೆಯ ಕಟ್ಟಡದ ಮೆಟ್ಟಿಲ ಕೆಳಗಿನ ಓರೆ ಜಾಗ. ಮುಂದುಗಡೆ ತಲೆ ಎತ್ತಿ ನಿಲ್ಲಬಹುದು, ಹಿಂದಕ್ಕೆ ಹೋದಂತೆ ಬಗ್ಗಬೇಕು, ಕೊನೆಯಲ್ಲಿ ಕೂತೇ ಬಿಡಬೇಕು. ಮೇಲ್ಮಹಡಿಯ ಹಲ್ಲಿನ ಡಾಕ್ಟರ ಬಳಿ ಹೋಗಿಬರುವವರ ಹೆಜ್ಜೆ ದಿನವಿಡೀ ಅವಳ ನೆತ್ತಿಯ ಮೇಲೆ. ಹೋಗುವಾಗ ನಿಧಾನ, ಬರುವಾಗ ಅವಸರ. ಒಂದು ಮೇಜು, ಎರಡು ಸ್ಟೂಲು, ಗೋಡೆಗೆ ಮೂರು ಹಲಗೆ. ಹಲಗೆಯ ಮೇಲೆ ಸ್ಪಿರಿಟ್ಟು, ವಿನೆಗರ್, ಅಡುಗೆ ಸೋಡ, ಸೀಮೆಸುಣ್ಣದ ಪುಡಿ, ಇದ್ದಿಲು, ಚರ್ಮಕ್ಕೆ ಹಚ್ಚುವ ಬಣ್ಣ, ಕ್ರೀಮು, ಮೇಣ, ಹಳೆಯ ಬನಿಯನ್ ಹರಿದು ಮಾಡಿದ ಬಟ್ಟೆ, ಮಕ್ಕಳ ಹಲ್ಲುಜ್ಜುವ ಮೆತ್ತನೆಯ ಬ್ರಷ್ಷು. ಇಷ್ಟೇ ಸರಂಜಾಮು. ಇಷ್ಟರಲ್ಲೇ ಪೆನ್ನಿನ ಶಾಯಿ, ಲಿಪ್‌ಸ್ಟಿಕ್, ಎಣ್ಣೆ, ಬೂಷ್ಟು, ಬೆಕ್ಕಿನ ಉಚ್ಚೆ, ಸಿಗರೇಟಿನ ಹೊಗೆ ಎಲ್ಲವನ್ನೂ ಚರ್ಮದ ಚೀಲಗಳಿಂದ ಹೊರಗೆ ಅಟ್ಟುತ್ತ ಇಪ್ಪತ್ತು ವರ್ಷ ಕಳೆದಿದ್ದಳು. ಗಂಡ ಪಾರ್ಸೆಲ್ ವ್ಯಾನು ಓಡಿಸುತ್ತಿದ್ದ. ಅವನು ಊಟಕ್ಕೆ ಕೂತಾಗ ಎರಡು ಮಾತಾಡಿದರೆ ಅವತ್ತು ಮಳೆ ಗ್ಯಾರಂಟಿ ಎಂದು ಅವಳು ಅವನನ್ನು ರೇಗಿಸುತ್ತಿದ್ದಳು.

ಕೆಲಸ ಕಲಿಸಿದ್ದು ಸೋದರಮಾವ. ಇದೇ ಮೆಟ್ಟಿಲ ಕೆಳಗೆ ಕೂತು, ಇದೇ ಮೇಜಿನ ಮೇಲೆ. ಅವನು ಹೇಳಿಕೊಟ್ಟ ಪಾಠ ಎರಡೇ. ಒಂದು, ಯಾವ ಮದ್ದನ್ನೂ ಎದುರಿಗೆ ಕಾಣುವ ಕಡೆ ಮೊದಲು ಹಚ್ಚಬೇಡ. ತಳದ ಮೂಲೆಯಲ್ಲೋ ಪಟ್ಟಿಯ ಅಡಿಯಲ್ಲೋ ಒಂದು ತೊಟ್ಟು ಹಚ್ಚಿ ಗಂಟೆ ಹೊತ್ತು ಕಾಯಿ. ಎರಡು, ಗಿರಾಕಿ ಕೇಳಿದಷ್ಟು ಮಾಡು, ಕೇಳದ್ದನ್ನು ಮುಟ್ಟಬೇಡ. ಮೊದಲನೆಯದನ್ನು ಅವಳು ಒಂದು ದಿನವೂ ತಪ್ಪಿಸಿದವಳಲ್ಲ. ಎರಡನೆಯದು ಮಾತ್ರ ಮಾವನ ಮೈಗಳ್ಳತನ ಎಂದು ಅವಳ ಲೆಕ್ಕ. ಶಾಯಿ ಕಲೆ ತೆಗೆಯಲು ಕೊಟ್ಟ ಚೀಲದ ಜಿಪ್ಪು ಸಿಕ್ಕಿಕೊಳ್ಳುತ್ತಿದ್ದರೆ ಅದಕ್ಕೂ ಎರಡು ಸಲ ಮೇಣ ಉಜ್ಜಿದರೆ ಕೈಯೇನು ಸವೆಯುತ್ತದೆ? ಮಾವ ಕಣ್ಣು ಮುಚ್ಚಿದ ಮೇಲೆ ಅವಳು ಉಜ್ಜಿದ್ದೇ ಉಜ್ಜಿದ್ದು. ಗಿರಾಕಿಗಳು ಕಣ್ಣರಳಿಸಿ ಅಕ್ಕಾ ನಿಮ್ಮ ಕೈಯಲ್ಲಿ ಏನೋ ಇದೆ ಎನ್ನುತ್ತಿದ್ದರು. ಅಲ್ಲಿಗೆ ಅವಳ ಆ ದಿನ ಸಾರ್ಥಕ.

ಆಮೇಲೆ ಮಗಳು ಕ್ಯಾಮೆರಾ ಇರುವ ಫೋನು ಕೊಡಿಸಿದಳು. ಅಲ್ಲಿಂದ ಶುರುವಾಯಿತು ನೋಡಿ ಫೋಟೋ ಹುಚ್ಚು. ಚೀಲ ಬಂದ ದಿನ ಒಂದು, ಹೋಗುವ ದಿನ ಒಂದು. ಎರಡನ್ನೂ ಅಕ್ಕಪಕ್ಕ ಪ್ರಿಂಟು ಹಾಕಿಸಿ ಗೋಡೆಗೆ ಅಂಟಿಸುತ್ತಿದ್ದಳು. ಎಡಗಡೆ ಗೋಳು, ಬಲಗಡೆ ಹೊಳಪು. ಮೆಟ್ಟಿಲು ಹತ್ತುವವರು ಹಲ್ಲುನೋವು ಮರೆತು ನಿಂತು ನೋಡುತ್ತಿದ್ದರು.

ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಒಬ್ಬಳು ಸೊಸೆ ತನ್ನ ಅತ್ತೆಯ ಚೀಲ ಹಿಡಿದುಕೊಂಡು ಬಂದದ್ದು ಒಂದು ಸೋಮವಾರ ಮಧ್ಯಾಹ್ನ. ಅದನ್ನು ಮೂರು ಪ್ಲಾಸ್ಟಿಕ್ ಕವರಿನೊಳಗೆ ಸುತ್ತಿದ್ದಳು, ಆದರೂ ಬೀಗದಂಗಡಿಯವನು ಮೂಗು ಮುಚ್ಚಿಕೊಂಡು ಎದ್ದು ಹೋದ. ಅತ್ತೆಯನ್ನು ಡಾಕ್ಟರಿಗೆ ತೋರಿಸಿ ಬರುವಾಗ ಎರಡು ಕೈಯಲ್ಲೂ ಸಾಮಾನಿತ್ತಂತೆ, ಹಾಲಿನ ಪ್ಯಾಕೆಟ್ಟನ್ನು ಅತ್ತೆಯ ಚೀಲದೊಳಗೆ ಇಟ್ಟಳಂತೆ, ಮನೆಗೆ ಬಂದು ಮರೆತೇ ಹೋಯಿತಂತೆ. ಪ್ಯಾಕೆಟ್ಟು ಒಡೆದು ಮೂರು ದಿನ ಒಳಗೇ ಹುಳಿತು ಕೂತಿತ್ತು. ಹೇಳುವಾಗ ಅವಳ ಮುಖದಲ್ಲಿ ರಕ್ತವೇ ಇರಲಿಲ್ಲ. ಅತ್ತೆ ಮೂವತ್ತು ವರ್ಷ ಒಂದು ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದವರು. ಈಗ ನೆನಪೆಲ್ಲ ಸೋರಿಹೋಗಿ ಮಗನನ್ನೇ ಯಾರೋ ಎನ್ನುತ್ತಾರೆ, ಸೊಸೆಯನ್ನು ಒಮ್ಮೆ ತಂಗಿ, ಒಮ್ಮೆ ಆಫೀಸಿನ ಆಯಾ ಎನ್ನುತ್ತಾರೆ. ಈ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೈಯನ್ನು ಒಳಗೆ ಬಿಟ್ಟು ಕೂತರೆ ಮಾತ್ರ ತೆಪ್ಪಗಿರುತ್ತಾರೆ.

“ಬರೀ ಹಾಲಿನ ವಾಸನೆ ತೆಗೀರಿ ಅಕ್ಕ, ಅಷ್ಟೇ ಸಾಕು. ಬೇರೆ ಏನೂ ಮುಟ್ಟಬೇಡಿ. ಕೊಳೆ ಇದ್ರೂ ಇರ್ಲಿ, ಹರಿದಿದ್ರೂ ಇರ್ಲಿ. ಅತ್ತೆಗೆ ನಮ್ಮ ಮುಖ ಮರೆತು ಹೋಗಿದೆ, ಇದೊಂದು ಮರೆತಿಲ್ಲ.”

ಬ್ಯಾಗಕ್ಕ ಹೂಂ ಎಂದಳು. ಕಿವಿ ಹೂಂ ಎಂದಿತು, ಕಣ್ಣು ಚೀಲದ ಹಿಡಿಕೆಯ ಮೇಲಿತ್ತು. ಕಂದು ಹಿಡಿಕೆ ಮೂವತ್ತು ವರ್ಷದ ಅಂಗೈ ಬೆವರು ಕುಡಿದು ಕರ್ರಗೆ ಜಿಡ್ಡುಗಟ್ಟಿ ಕೂತಿತ್ತು, ನಾಲ್ಕು ಬೆರಳು ಕೂರುವ ನಾಲ್ಕು ಜಾಗ ಇನ್ನೂ ಕಪ್ಪು. ಇದನ್ನು ತೆಗೆದರೆ ಎಂಥ ಫೋಟೋ ಬರುತ್ತದೆ ಎಂದು ಅವಳಿಗೆ ಆಗಲೇ ಅನಿಸಿತು.

ಮೊದಲ ಫೋಟೋ ತೆಗೆದಳು. ಒಳಗಿದ್ದ ಸಾಮಾನನ್ನೆಲ್ಲ ಒರೆಸಿ ಲಕೋಟೆಗೆ ಹಾಕಿದಳು: ಒಂದು ಬಾಚಣಿಗೆ, ನೋವಿನ ಮುಲಾಮಿನ ಡಬ್ಬಿ, ಕಾಗದದಲ್ಲಿ ಸುತ್ತಿದ ನಾಲ್ಕು ಲವಂಗ, ಬಾಲದಲ್ಲಿ ಬ್ರಷ್ಷಿರುವ ಟೈಪಿಂಗ್ ರಬ್ಬರು, ಮಡಿಸಿ ಮಡಿಸಿ ಸವೆದ ಒಂದು ಕಾರ್ಬನ್ ಹಾಳೆ. ಸೋಪಿನ ನೊರೆಯನ್ನಷ್ಟೇ ಬಟ್ಟೆಗೆ ತಾಗಿಸಿ ಒರೆಸಿದಳು, ನೀರು ಸೋಕಿಸಲಿಲ್ಲ. ವಿನೆಗರಿಗೆ ಅಷ್ಟೇ ನೀರು ಬೆರೆಸಿ ಮೂಲೆಯಲ್ಲಿ ಪರೀಕ್ಷೆ ಮಾಡಿ, ಆಮೇಲೆ ಒಳಗೆಲ್ಲ ಅದ್ದಿ ಹಿಂಡಿದ ಬಟ್ಟೆಯಾಡಿಸಿದಳು. ಎರಡನೆಯ ದಿನ ನೆರಳಲ್ಲಿ ಬಾಯಿ ತೆರೆದಿಟ್ಟಳು. ಮೂರನೆಯ ದಿನ ತೆಳು ಬಟ್ಟೆಯಲ್ಲಿ ಸೋಡದ ಗಂಟು ಕಟ್ಟಿ ಹೊಟ್ಟೆಯೊಳಗೆ ತುರುಕಿ, ಇದ್ದಿಲಿನ ಜೊತೆ ತಗಡಿನ ಪೆಟ್ಟಿಗೆಯಲ್ಲಿ ಮುಚ್ಚಿದಳು. ನಾಲ್ಕನೆಯ ದಿನ ಬೆಳಿಗ್ಗೆ ಪೆಟ್ಟಿಗೆ ತೆಗೆದು ಮೂಗಿಟ್ಟರೆ ಹಾಲು ಎಳ್ಳಷ್ಟೂ ಇರಲಿಲ್ಲ.

ಇದ್ದದ್ದು ಮುಲಾಮು, ಲವಂಗ, ಟೈಪ್‌ರೈಟರ್ ರಿಬ್ಬನ್ನಿನ ಶಾಯಿ, ಅದರಡಿ ಒಂದು ಹಳೆಯ ಅಂಗೈಯ ಬಿಸಿ ವಾಸನೆ. ಸಾವಿರ ಚೀಲ ಮೂಸಿದ ಮೂಗಿಗೆ ಅದು ಗೊತ್ತಾಗದೆ ಇರುತ್ತದೆಯೇ? ಗೊತ್ತಾಯಿತು. ಇದು ಆ ಮುದುಕಿ ಎಂದು ಸ್ಪಷ್ಟವಾಗಿ ಗೊತ್ತಾಯಿತು. ಮುಂದೆ ಅವಳು ಏನೇ ಹೇಳಿಕೊಂಡರೂ ಈ ನಾಲ್ಕನೆಯ ದಿನದ ಬೆಳಗನ್ನು ಮಾತ್ರ ಇಲ್ಲ ಎನ್ನಲಾಗಲಿಲ್ಲ.

ಅಲ್ಲಿಗೆ ಚೀಲ ಮುಚ್ಚಿ ಕೊಟ್ಟಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಫೋನು ಎತ್ತಿ ಎರಡನೆಯ ಫೋಟೋ ತೆಗೆದು ನೋಡಿದಳು. ಮೊದಲನೆಯದಕ್ಕೂ ಇದಕ್ಕೂ ಕೂದಲೆಳೆಯ ವ್ಯತ್ಯಾಸವಿಲ್ಲ. ವಾಸನೆ ಹೋದದ್ದು ಫೋಟೋದಲ್ಲಿ ಎಲ್ಲಿಂದ ಕಾಣಬೇಕು? ನಾಲ್ಕು ದಿನ ಮೈಮುರಿದದ್ದಕ್ಕೆ ಸಾಕ್ಷಿಯೇ ಇಲ್ಲದ ಹಾಗಾಯಿತಲ್ಲ ಎಂದು ಅವಳಿಗೆ ಕಸಿವಿಸಿಯಾಯಿತು. ಹಿಡಿಕೆಯನ್ನಷ್ಟೇ ಒಂದು ಕೈ ನೋಡೋಣ ಎಂದು ಹತ್ತಿಗೆ ಸ್ಪಿರಿಟ್ಟು ಹಾಕಿದಳು. ಕಪ್ಪು ಕರಗಿ ಹತ್ತಿಗೆ ಬಂತು, ಅಡಿಯಿಂದ ಜೇನಿನ ಬಣ್ಣ ಇಣುಕಿತು. ಆಮೇಲೆ ಕೈ ನಿಲ್ಲಲಿಲ್ಲ. ಹಿಡಿಕೆ ಬೆಳಗಿದ ಮೇಲೆ ಮೈ ಮಾಸಲಾಗಿ ಕಂಡಿತು, ಮೈಗೆ ಬಣ್ಣ ಕೊಟ್ಟಳು. ಮೈ ಹೊಳೆದ ಮೇಲೆ ಒಳಗಿನ ಅಸ್ತರಿ ಬಟ್ಟೆ ಕಣ್ಣು ಚುಚ್ಚಿತು. ಶಾಯಿ ಕಲೆ, ಮುಲಾಮಿನ ಜಿಡ್ಡು, ಬಲಗಡೆ ಒಂದು ಹರಕು, ಹರಕಿನ ಸುತ್ತ ಯಾರೋ ಕಪ್ಪು ದಾರದಲ್ಲಿ ಒರಟೊರಟಾಗಿ ಹಾಕಿದ ಹೊಲಿಗೆ. ಬ್ಲೇಡಿನಲ್ಲಿ ಅದರ ಅಂಚು ಬಿಚ್ಚಿ ಒಂದೇ ಎಳೆತಕ್ಕೆ ಹೊರಗೆ ತೆಗೆದು ಬುಟ್ಟಿಗೆ ಹಾಕಿದಳು. ಹೊಸ ಸ್ಯಾಟಿನ್ ಕೂರಿಸಿದಳು. ಮರುದಿನ ಬೆಳಿಗ್ಗೆ ಕಸದ ಗಾಡಿ ಬಂದು ಬುಟ್ಟಿ ಖಾಲಿ ಮಾಡಿಕೊಂಡು ಹೋಯಿತು. ಅವಳು ಕ್ರೀಮು ತಿಕ್ಕಿ, ಬಾಗಿಲ ಬೆಳಕಿಗೆ ಹಿಡಿದು ಬಲಗಡೆಯ ಫೋಟೋ ತೆಗೆದಳು. ಅವಳ ಗೋಡೆಯ ಮೇಲೆ ಅಂಥ ಜೋಡಿ ಇನ್ನೊಂದಿರಲಿಲ್ಲ.

ಸೊಸೆ ಬಂದಾಗ ಚೀಲದ ಮೇಲೆ ಬಟ್ಟೆ ಮುಚ್ಚಿಟ್ಟು ಜಾದೂಗಾರನ ಹಾಗೆ ಸರಕ್ಕನೆ ಎಳೆದಳು. ಅಬ್ಬಾ ಎಂಬ ಮಾತಿಗೆ ಕಾದಳು. ಬರಲಿಲ್ಲ. ಸೊಸೆ ಚೀಲ ತೆರೆದು ಕೈಯನ್ನು ಬಲಗಡೆಗೆ ಬಿಟ್ಟು ಏನನ್ನೋ ತಡಕಾಡಿದಳು, ಮತ್ತೆ ತಡಕಾಡಿದಳು. ಆ ಹರಕಿನೊಳಗೇ ಅತ್ತೆ ಬೆರಳು ಸಿಕ್ಕಿಸಿಕೊಂಡು ಕೂರುತ್ತಿದ್ದದ್ದು ಎಂದು ಮೆಲ್ಲಗೆ ಹೇಳಿ, ಹಳೆಯ ಬಟ್ಟೆ ಎಲ್ಲಿ ಎಂದು ಕೇಳಿದಳು. ತಪ್ಪಾಯಿತು ಎನ್ನಲು ಬ್ಯಾಗಕ್ಕನಿಗೆ ಒಂದು ಕ್ಷಣ ಇತ್ತು. ಅದನ್ನು ಅವಳು ಸುಳ್ಳಿಗೆ ಕೊಟ್ಟಳು.

“ಹಾಲು ಬಟ್ಟೆಗೆಲ್ಲ ಇಳಿದುಬಿಟ್ಟಿತ್ತಮ್ಮ. ಹಿಡಿಕೆಗೂ ಹತ್ತಿತ್ತು. ಬಿಟ್ಟಿದ್ರೆ ಚರ್ಮಾನೇ ಕೊಳೆತು ಹೋಗ್ತಿತ್ತು. ಬೇರೆ ದಾರಿನೇ ಇರ್ಲಿಲ್ಲ.”

ಸೊಸೆ ಜಗಳಕ್ಕೆ ನಿಂತಿದ್ದರೆ ಚೆನ್ನಾಗಿತ್ತು. ಅವಳು ನಂಬಿದಳು. ನನ್ನದೇ ತಪ್ಪು, ಹಾಲಿನ ಪ್ಯಾಕೆಟ್ಟು ಅದರಲ್ಲಿ ಇಡಬಾರದಿತ್ತು, ನೀವಾದರೂ ಏನು ಮಾಡುತ್ತೀರಿ ಎಂದು ಹೇಳಿ, ಕೇಳಿದ್ದಕ್ಕಿಂತ ಹೆಚ್ಚು ಕೆಲಸ ಮಾಡಿದ್ದಕ್ಕೆ ಥ್ಯಾಂಕ್ಸ್ ಎಂದೂ ಹೇಳಿ ಹೋದಳು. ಬ್ಯಾಗಕ್ಕ ಅಂದು ಮಧ್ಯಾಹ್ನದ ಬುತ್ತಿಯನ್ನು ಬಿಚ್ಚದೆ ಹಾಗೇ ಮನೆಗೆ ಒಯ್ದಳು.

ನಾಲ್ಕು ದಿನ ಕಳೆದು ಸೊಸೆ ಮತ್ತೆ ಬಂದಳು. ಈ ಸಲ ಕೈಯಲ್ಲಿ ಚೀಲ, ಜೊತೆಗೆ ಅತ್ತೆ. ಬೆಳ್ಳನೆಯ ತಲೆ ಬಾಚಿದ, ನೆಟ್ಟನೆಯ ಬೆನ್ನಿನ ಮುದುಕಿ. ಸ್ಟೂಲಿನ ಮೇಲೆ ಕೂತವರೇ ಮೇಜಿನಂಚಿನ ಮೇಲೆ ಹತ್ತೂ ಬೆರಳನ್ನು ಟಕಟಕ ಆಡಿಸತೊಡಗಿದರು. ಸೊಸೆ ಬಾಗಿ ಬ್ಯಾಗಕ್ಕನ ಕಿವಿಯಲ್ಲಿ ಎಲ್ಲ ಹೇಳಿದಳು. ಚೀಲ ಕೈಗೆ ಕೊಟ್ಟರೆ ಅತ್ತೆ ಮೂಸಿ ನೋಡಿ, ಇದು ಯಾರದೋ, ಕೊಟ್ಟು ಬಾ ಎಂದರಂತೆ. ಅಂದಿನಿಂದ ಬೀರು, ಮಂಚದ ಕೆಳಗೆ, ಅಡುಗೆಮನೆ ಡಬ್ಬಿ, ಎಲ್ಲ ಕಡೆ ಹುಡುಕಾಟ. ಊಟ ಬೇಡ, ನಿದ್ದೆ ಇಲ್ಲ. ಆಫೀಸಿನ ಕೀಲಿ ಅದರಲ್ಲಿದೆ ಎಂದು ಬಾಗಿಲು ತೆಗೆದು ಎರಡು ಸಲ ಬೀದಿಗೆ ಹೋದರಂತೆ. ಒಂದು ಸಲ ಬಸ್ಸಿಗೆ ಅಡ್ಡ ಹೋಗಿ ಯಾರೋ ಪುಣ್ಯಾತ್ಮರು ಎಳೆದುಕೊಂಡರಂತೆ. ಗಂಡ ರೇಗಿ, ಹಾಲಿಡಲು ಮನೆಯಲ್ಲಿ ಬೇರೆ ಜಾಗವೇ ಸಿಗಲಿಲ್ಲವಾ ಎಂದವನು ಆಮೇಲೆ ಮಾತೇ ಬಿಟ್ಟಿದ್ದಾನಂತೆ. ಅದನ್ನೂ ಅವಳು ದೂರಿನ ಹಾಗೆ ಹೇಳಲಿಲ್ಲ, ಸಿಗಬೇಕಾದದ್ದು ಸಿಕ್ಕಿತು ಎಂಬ ಹಾಗೆ ಹೇಳಿದಳು. ಹೇಗಾದರೂ ಮಾಡಿ ಇದನ್ನು ಮತ್ತೆ ಹಳೆಯದು ಮಾಡಲು ಆಗುತ್ತದೆಯೇ ಎಂದು ಕೇಳಿದಳು.

ಅಷ್ಟರಲ್ಲಿ ಟೈಪಿಸ್ಟಮ್ಮ ತಲೆ ಎತ್ತಿ ಕೇಳಿದರು: “ನನ್ನ ಬ್ಯಾಗ್ ಎಲ್ಲಿ?”

ಬ್ಯಾಗಕ್ಕನ ಬಾಯಿಂದ ತಾನಾಗಿ ಬಂತು, ಅಂಗಡಿಯವರ ಬಾಯಿಗೆ ಅಭ್ಯಾಸವಾದ ಮಾತು: “ನಾಳೆ ಕೊಡ್ತೀನಮ್ಮ.”

ಮುದುಕಿಯ ಮುಖ ಸಡಿಲವಾಯಿತು. ಓ, ರಿಪೇರಿಗೆ ಕೊಟ್ಟಿದ್ದೀವಾ ಎಂದು ಸೊಸೆಯ ಕಡೆ ತಿರುಗಿ ನಕ್ಕರು. ಅವತ್ತು ಮನೆಗೆ ಹೋಗಿ ಉಂಡು ಮಲಗಿದರಂತೆ. ಮರುದಿನ ಸಂಜೆ ಮತ್ತೆ ಚಡಪಡಿಕೆ, ಮತ್ತೆ ಅಂಗಡಿಗೆ, ಮತ್ತೆ ನಾಳೆ. ಹೀಗೆ ಅದು ದಿನಚರಿಯಾಯಿತು. ಔಷಧಿ ಅಂಗಡಿಯ ಕೆಲಸ ಮುಗಿಸಿ, ಮನೆಗೆ ಹೋಗಿ ಅತ್ತೆಯ ಕೈ ಹಿಡಿದು, ಐದು ಗಂಟೆಗೆ ಸರಿಯಾಗಿ ಸೊಸೆ ಮೆಟ್ಟಿಲ ಬುಡದಲ್ಲಿರುತ್ತಿದ್ದಳು. ಚೀಲ ಹಲಗೆಯ ಮೇಲೆಯೇ ಇರುತ್ತಿತ್ತು. ಒಂದೊಂದು ದಿನ ಟೈಪಿಸ್ಟಮ್ಮ ಅದನ್ನು ನೋಡಿ, ಅದು ಚೆನ್ನಾಗಿದೆ, ಯಾರದ್ದು ಎನ್ನುತ್ತಿದ್ದರು. ಬ್ಯಾಗಕ್ಕ ಯಾರೋ ಗಿರಾಕಿಯದು ಎನ್ನುತ್ತಿದ್ದಳು.

ತೆಗೆಯುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ, ಹಾಕುವುದು ಹೇಗೆಂದು ಅವಳಿಗೆ ಯಾರೂ ಕಲಿಸಿರಲಿಲ್ಲ. ಸ್ಯಾಟಿನ್ ಕಿತ್ತು ಹಳೆಯ ಹತ್ತಿ ಬಟ್ಟೆ ಹಾಕಿದಳು, ಬಲಗಡೆ ಹರಿದಳು, ಕಪ್ಪು ದಾರದಲ್ಲಿ ಬೇಕೆಂದೇ ಒರಟಾಗಿ ಹೊಲಿದಳು. ಅದೇ ಮುಲಾಮು ತಂದು ಸವರಿದಳು, ಲವಂಗ ಜಜ್ಜಿ ಹಾಕಿದಳು, ಊರೆಲ್ಲ ಅಲೆದು ಟೈಪ್‌ರೈಟರ್ ರಿಬ್ಬನ್ನು ಹುಡುಕಿ ತಂದು ಒಳಗಿಟ್ಟಳು. ಹಿಡಿಕೆಗೆ ಜಿಡ್ಡು ಬರಲಿ ಎಂದು ಅಂಗಡಿಗೆ ಹೋಗುವಾಗ ಬರುವಾಗ ತಾನೇ ಅದನ್ನು ಹಿಡಿದು ನಡೆದಳು. ಏನಕ್ಕಾ, ಗಿರಾಕಿ ಚೀಲದಲ್ಲಿ ಶೋಕಿಯಾ ಎಂದು ಬೀಗದಂಗಡಿಯವನು ಕಿಚಾಯಿಸಿದ. ಅವಳು ಹಿಡಿಕೆಯನ್ನು ಇನ್ನೊಂದು ಕೈಗೆ ಬದಲಿಸಿ ಮುಂದೆ ನಡೆದದ್ದನ್ನು ಕಂಡು ಅವನೇ ತಬ್ಬಿಬ್ಬಾದ. ಎರಡು ವಾರದ ಮೇಲೆ ಟೈಪಿಸ್ಟಮ್ಮನ ತೊಡೆಯ ಮೇಲೆ ಇಟ್ಟಳು. ಅವರು ಕೈ ಒಳಗೆ ಬಿಟ್ಟರು. ಮುದುಕಿ ಕೈ ತೆಗೆದು ಸೀರೆಗೆ ಒರೆಸಿಕೊಂಡು, ಪಾಪ ಯಾರೋ ಕಾಯಿಲೆಯವರದು ಇರಬೇಕು ಎಂದು ವಾಪಸು ಕೊಟ್ಟರು.

ಅಂದು ಮನೆಯಲ್ಲಿ ಅವಳು ಗಂಡನ ಮುಂದೆ ಎಲ್ಲ ಕಕ್ಕಿಬಿಟ್ಟಳು, ನಾಲ್ಕನೆಯ ದಿನದ ಬೆಳಗಿನ ಸಮೇತ. ಅವನು ತಟ್ಟೆ ತೊಳೆದಿಟ್ಟು ಬಂದು, ಆ ಹುಡುಗಿಗೆ ಹೇಳಿಬಿಡು ಎಂದ. ಹೇಳಿದರೆ ಚೀಲ ಬರುತ್ತದೆಯಾ ಎಂದು ಇವಳು ಹರಿಹಾಯ್ದಳು. ಚೀಲ ಬರುವುದಿಲ್ಲ, ಅವಳ ತಲೆಯ ಮೇಲಿರುವುದಾದರೂ ಇಳಿಯುತ್ತದೆ ಎಂದ ಅವನು. ಮಾತಾಡದವನು ಮಾತಾಡಿದರೆ ಹೀಗೇ, ನೆಟ್ಟಗೆ ಬಂದು ನಾಟುತ್ತದೆ. ಅವಳಿಗೂ ಅದು ಗೊತ್ತಿಲ್ಲದ್ದಲ್ಲ. ಚೀಲ ಕೆಡಿಸಿದ್ದು ಒಂದು ತಪ್ಪು, ಅದನ್ನು ಇನ್ನೊಬ್ಬಳ ಹಾಲಿನ ಪ್ಯಾಕೆಟ್ಟಿನ ತಲೆಗೆ ಕಟ್ಟಿದ್ದು ಅದಕ್ಕಿಂತ ದೊಡ್ಡದು. ಆದರೂ ನಾಳೆ ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದು ಮತ್ತೆ ಹತ್ತು ದಿನ ದೂಡಿದಳು. ಮುದುಕಿಗೆ ಹೇಳುತ್ತಿದ್ದ ನಾಳೆಯನ್ನೇ ತನಗೂ ಹೇಳಿಕೊಂಡಳು ಅನ್ನಿ.

ಬಾಯಿ ಬಿಡಿಸಿದ್ದು ಒಂದು ಟ್ಯೂಬು. ಒಂದು ಸಂಜೆ ಸೊಸೆ ಕೈಚೀಲದಿಂದ ಅದನ್ನು ತೆಗೆದು ಮೇಜಿನ ಮೇಲಿಟ್ಟಳು. ಸ್ಪಿರಿಟ್ಟಿಗೆ ಬ್ಯಾಗಕ್ಕನ ಬೆರಳುಗಳು ಬಿರಿದದ್ದನ್ನು ದಿನಾ ನೋಡುತ್ತಿದ್ದಳಂತೆ, ಔಷಧಿ ಅಂಗಡಿಯಲ್ಲಿ ಒಳ್ಳೆಯ ಮುಲಾಮು ಬಂದಿತ್ತಂತೆ, ತಂದಳಂತೆ. ನನ್ನ ತಪ್ಪಿಗೆ ನೀವು ದಿನಾ ಇಷ್ಟು ಸಹಿಸಿಕೊಳ್ಳುತ್ತೀರಲ್ಲ, ಬೇರೆಯವರಾಗಿದ್ದರೆ ನಾಲ್ಕನೆಯ ದಿನಕ್ಕೆ ಬಯ್ದು ಕಳಿಸುತ್ತಿದ್ದರು ಎಂದಳು. ಬ್ಯಾಗಕ್ಕ ಟ್ಯೂಬನ್ನು ಎತ್ತಿಕೊಳ್ಳಲಾರದೆ ಎರಡೂ ಕೈಯನ್ನು ಮೇಜಿನ ಕೆಳಗೆ ಎಳೆದುಕೊಂಡಳು.

“ನಿಮ್ಮ ತಪ್ಪು ಏನೂ ಇಲ್ಲಮ್ಮ. ಹಾಲಿನ ವಾಸನೆ ನಾಲ್ಕನೇ ದಿನಕ್ಕೇ ಹೋಗಿತ್ತು. ಬಟ್ಟೆಗೆ ಏನೂ ಆಗಿರ್ಲಿಲ್ಲ. ಫೋಟೋ ಚೆನ್ನಾಗಿ ಬರ್ಲಿ ಅಂತ ನಾನೇ ಎಲ್ಲಾ ಕಿತ್ತುಹಾಕ್ದೆ. ನೀವು ಬೇಡ ಅಂದಿದ್ರಿ. ನಂಗೆ ಕೇಳಿಸಿತ್ತು.”

ಸೊಸೆ ಗೋಡೆಯ ಕಡೆ ತಿರುಗಿದಳು. ಅತ್ತೆಯ ಚೀಲ ಅಲ್ಲಿತ್ತು, ಎಡಗಡೆ ಒಂದು, ಬಲಗಡೆ ಒಂದು. ಇಷ್ಟು ದಿನ ಅದರ ಮುಂದೆಯೇ ನಿಂತಿದ್ದಳು, ಕಣ್ಣಿಗೆ ಬಿದ್ದಿರಲಿಲ್ಲ. ಬಾಯಿ ತೆರೆದು ಬಯ್ಯಲೂ ಇಲ್ಲ, ಅಳಲೂ ಇಲ್ಲ. ಎಡಗಡೆಯ ಫೋಟೋದಲ್ಲಿದ್ದ ಕಪ್ಪು ಹಿಡಿಕೆಯನ್ನು ಮಾತ್ರ ಬೆರಳಲ್ಲಿ ಒಮ್ಮೆ ಮುಟ್ಟಿದಳು. ಅಳುತ್ತಿದ್ದದ್ದು ಬ್ಯಾಗಕ್ಕ. ಅದನ್ನು ಕಂಡು ಟೈಪಿಸ್ಟಮ್ಮನ ಟಕಟಕ ನಿಂತಿತು. ಆಫೀಸಿನಲ್ಲಿ ಹೊಸದಾಗಿ ಸೇರಿದ ಹುಡುಗಿ ಅಳುತ್ತಿದ್ದಾಳೆ ಎಂದುಕೊಂಡರೋ ಏನೋ, ಮುಂದೆ ಬಾಗಿ ಅವಳ ಮೊಣಕೈ ತಟ್ಟಿದರು.

“ತಪ್ಪು ಬಿತ್ತಾ? ಬೀಳತ್ತೆ. ಅಳ್ತಾರಾ ಅದಕ್ಕೆ? ಇನ್ನೊಂದು ಹಾಳೆ ಹಾಕು.”

ಸೊಸೆ ಅತ್ತೆಯನ್ನು ಎಬ್ಬಿಸಿ ಕರೆದುಕೊಂಡು ಹೋದಳು. ಟ್ಯೂಬು ಮೇಜಿನ ಮೇಲೆಯೇ ಉಳಿಯಿತು.

ಒಂದು ವಾರ ಅವರು ಬರಲಿಲ್ಲ. ಬ್ಯಾಗಕ್ಕ ಗೋಡೆಯ ಫೋಟೋಗಳನ್ನೆಲ್ಲ ಕಿತ್ತಳು. ಐದು ಗಂಟೆಗೆ ಕೈಕೆಲಸ ಬಿಟ್ಟು ಬಾಗಿಲು ನೋಡುವುದು ಅಭ್ಯಾಸವಾಗಿ ಹೋಗಿತ್ತು. ಸೊಸೆಯನ್ನು ನೆನೆದರೆ ಮೈ ಹಿಡಿಯಾಗುತ್ತಿತ್ತು. ಆದರೆ ಮುದುಕಿಯ ಆ ಮಾತು, ಇನ್ನೊಂದು ಹಾಳೆ ಹಾಕು, ಅದನ್ನು ದಿನಕ್ಕೆ ಹತ್ತು ಸಲ ತೆಗೆದು ನೋಡಿಕೊಳ್ಳುತ್ತಿದ್ದಳು. ಅನ್ಯಾಯವಾದದ್ದು ಅವರಿಗೆ, ಕ್ಷಮಿಸಿದವರೂ ಅವರೇ. ಇನ್ನೇನು ಬೇಕು ಎಂದು ಮನಸ್ಸಿಗೆ ಸಮಾಧಾನ ಹೇಳುತ್ತಿದ್ದಳು. ಹೇಳಿದ ಹತ್ತು ನಿಮಿಷಕ್ಕೆ ಸಮಾಧಾನ ತೀರಿಹೋಗುತ್ತಿತ್ತು. ಇನ್ನೊಂದು ಸಲ ಅವರ ಬಾಯಿಂದಲೇ ಕೇಳಿದರೆ ನಿಲ್ಲುತ್ತದೇನೋ ಎನಿಸುತ್ತಿತ್ತು.

ಎಂಟನೆಯ ದಿನ ಐದು ಗಂಟೆಗೆ ಟೈಪಿಸ್ಟಮ್ಮ ಒಬ್ಬರೇ ಒಳಗೆ ಬಂದು ಸ್ಟೂಲಿನ ಮೇಲೆ ಕೂತರು. ಸೊಸೆ ಬೀಗದಂಗಡಿಯ ಮುಂದೆಯೇ ನಿಂತಳು, ಬೆನ್ನು ಈ ಕಡೆಗೆ. ಬಾರದೆ ಗತಿಯಿರಲಿಲ್ಲ, ಆ ಒಂದು ವಾರ ಮನೆಯಲ್ಲಿ ಏನಾಗಿತ್ತು ಎಂಬುದು ಮುದುಕಿಯ ಹಣೆಯ ಮೇಲಿನ ಹಸಿರುಗಟ್ಟಿದ ಪೆಟ್ಟಿನಲ್ಲಿ ಕಾಣುತ್ತಿತ್ತು.

“ನನ್ನ ಬ್ಯಾಗ್ ಆಯ್ತಾ?”

ನಾಳೆ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಬ್ಯಾಗಕ್ಕ ಅದನ್ನು ನುಂಗಿದಳು. ಇನ್ನು ಸುಳ್ಳು ಸಾಕು ಎಂದುಕೊಂಡಳು, ಹೊರಗೆ ನಿಂತವಳಿಗೂ ಕೇಳಲಿ ಎಂದುಕೊಂಡಳು, ಆ ಮುದಿ ಕೈ ಮೊಣಕೈ ತಟ್ಟಲಿ ಎಂದೂ ಅಂದುಕೊಂಡಳು. ಎದುರು ಕುಕ್ಕರಗಾಲಲ್ಲಿ ಕೂತು, ನಿಮ್ಮ ಬ್ಯಾಗು ಇಲ್ಲಮ್ಮ, ನಾನೇ ಹಾಳು ಮಾಡಿದೆ, ಇನ್ನು ಅದು ಬರುವುದಿಲ್ಲ ಎಂದು ಒಂದೊಂದೇ ಮಾತಾಗಿ ಹೇಳಿದಳು.

ಟೈಪಿಸ್ಟಮ್ಮ ಅವಳ ಮುಖವನ್ನೇ ನೋಡಿದರು. ಆಫೀಸಿನ ಕೀಲಿ ಎಂದರು. ಮಗುವಿಗೆ ಔಷಧಿ ತರಬೇಕು, ದುಡ್ಡು ಅದರಲ್ಲೇ ಇದೆ ಎಂದರು. ಆಮೇಲೆ ಬಾಯಿ ದೊಡ್ಡದು ಮಾಡಿ, ಸಂತೆಯಲ್ಲಿ ಅಮ್ಮನ ಕೈ ತಪ್ಪಿದ ಕೂಸಿನ ಹಾಗೆ ಅತ್ತರು. ಮೆಟ್ಟಿಲು ಹತ್ತುತ್ತಿದ್ದವರು ನಿಂತು ಬಗ್ಗಿ ನೋಡಿದರು. ಬೀಗದಂಗಡಿಯವನು ಯಂತ್ರ ನಿಲ್ಲಿಸಿದ. ಸೊಸೆ ಓಡಿ ಬಂದು ಅತ್ತೆಯ ತಲೆಯನ್ನು ಹೊಟ್ಟೆಗೆ ಒತ್ತಿಕೊಂಡಳು, ಬೆನ್ನು ಸವರಿದಳು, ಇದೆ ಅತ್ತೆ, ಬ್ಯಾಗ್ ಇದೆ, ಈಯಮ್ಮ ತಮಾಷೆ ಮಾಡಿದರು ಎಂದು ಹತ್ತು ಸಲ ಹೇಳಿದಳು. ಅಳು ಬಿಕ್ಕಳಿಕೆಗೆ ಇಳಿದ ಮೇಲೆ ಬ್ಯಾಗಕ್ಕನ ಕಡೆ ನೋಡಿದಳು. ದನಿ ಏರಿಸಲಿಲ್ಲ.

“ನಂಗೆ ನಿಜ ಹೇಳಿದ್ರಿ, ಅದು ಸರಿ. ಇವರಿಗೆ ಯಾಕೆ ಹೇಳಿದ್ರಿ? ನಿಮ್ಮ ಮನಸ್ಸು ಹಗುರ ಆಗ್ಲಿ ಅಂತ ತಾನೇ? ಇವರಿಗೆ ನಾಳೆ ಅನ್ನಿ. ದಿನಾ ಅನ್ನಿ. ನಾವು ಬರೋವಷ್ಟು ದಿನ ಅನ್ನಿ. ನಿಮಗೆ ಕಷ್ಟ ಆಗತ್ತಾ? ಆಗ್ಲಿ.”

ಮಾಡಿದ್ದುಣ್ಣೋ ಮಹರಾಯ ಎಂಬ ಗಾದೆಯನ್ನು ಬ್ಯಾಗಕ್ಕ ಎಷ್ಟೋ ಸಲ ಬೇರೆಯವರ ಮೇಲೆ ಬಳಸಿದ್ದಳು; ಉಣ್ಣುವುದು ಹೀಗೆ ಪ್ರತಿದಿನ ಒಂದೊಂದು ತುತ್ತಾಗಿ ಎಂದು ಆಗ ಗೊತ್ತಿರಲಿಲ್ಲ.

ಅಂದಿನಿಂದ ಅವರು ಒಂದು ದಿನವೂ ತಪ್ಪಿಸಲಿಲ್ಲ. ಸೊಸೆಯ ಗಂಡ ಈಗ ಮಾತಾಡುತ್ತಾನಂತೆ, ಅದನ್ನು ಬೀಗದಂಗಡಿಯವನು ಅವಳಿಂದ ಕೇಳಿ ಹೇಳಿದ. ಬ್ಯಾಗಕ್ಕನ ಜೊತೆ ಅವಳು ಮಾತಾಡುವುದಿಲ್ಲ, ಒಳಗೂ ಬರುವುದಿಲ್ಲ. ಹೊರಗೆ ನಿಂತು, ಹೇಳುತ್ತಾಳೋ ಇಲ್ಲವೋ ಎಂದು ಕಿವಿಗೊಟ್ಟಿರುತ್ತಾಳೆ. ಟೈಪಿಸ್ಟಮ್ಮ ಸ್ಟೂಲಿನ ಮೇಲೆ ಕೂತು ಬೆನ್ನು ನೆಟ್ಟಗೆ ಮಾಡಿಕೊಂಡು ಕೇಳುತ್ತಾರೆ. ಬ್ಯಾಗಕ್ಕ ಅವರ ಕಣ್ಣು ನೋಡಿಯೇ ಹೇಳುತ್ತಾಳೆ: ನಾಳೆ ಅಮ್ಮ, ನಾಳೆ ಖಂಡಿತ.

ಆಗ ಅವರು ದಿನವೂ ಒಂದೇ ಮಾತು ಹೇಳಿ ಏಳುತ್ತಾರೆ.

“ಅವಸರ ಇಲ್ಲ, ನಿಧಾನವಾಗಿ ಮಾಡು. ನಿನ್ನ ಕೈಗೆ ಕೊಟ್ಟಿದ್ದೀನಿ ಅಂದ್ರೆ ನಂಗೆ ಯೋಚ್ನೆನೇ ಇಲ್ಲ.”